ದಕ್ಷಿಣ ಬೆಂಗಳೂರಿನ ಬೀದಿಗಳು ಮತ್ತು ಕಾಲ್ನಡಿಗೆ

ಸ್ವಾತಂತ್ರ್ಯ ಬಂದ ಮೇಲೆ ಬೆಂಗಳೂರಿನ ದಕ್ಷಿಣಕ್ಕೆ ಬೆಳೆದ ಜಯನಗರ, ಜೆ.ಪಿ. ನಗರ, ಬನಶಂಕರಿ ಮತ್ತು ಬಿಟಿಎಂ ಬಡಾವಣೆಗಳಲ್ಲಿ ನಡೆದಾಡುವವರಿಗೆ ಇರುವ ಅನುಕೂಲ, ಅನನುಕೂಲಗಳು ಈ ಲೇಖನದ ವಸ್ತು. ಅಗಲವಾದ ಮೇನ್ ರಸ್ತೆ, ಸಾಲುಮರ, ಬ್ಲಾಕಿಗೊಂದು ಪಾರ್ಕು, ಕೂಗಳತೆಯಲ್ಲಿ ಅಂಗಡಿ ಇವೆಲ್ಲ ಇರುವ ಊರಭಾಗವೆಂದು, ವಿಶೇಷವಾಗಿ ಜಯನಗರಕ್ಕೆ, ಹಳೆಯ ಹೆಸರಿದೆ. ಆದರೆ ಇಲ್ಲಿನ ನಡಿಗೆ ಈಗ ಎರಡಾಗಿ ಒಡೆದಿದೆ. ಪಾರ್ಕಿನೊಳಗೆ ಆರೋಗ್ಯಕ್ಕೆಂದು ಸುತ್ತು ಹಾಕುವ ನಡಿಗೆ ಸುಖವಾಗಿದೆ. ತರಕಾರಿಗೆ, ಔಷಧಿಗೆ, ಶಾಲೆಗೆ, ಬಸ್‌ಸ್ಟಾಪಿಗೆ ಹೋಗಿಬರುವ ನಡಿಗೆ ಸೊರಗಿದೆ. ಬೆಳಗಿನ ವಾಕಿಂಗ್‌ಗೆಂದು ಸ್ಕೂಟರಿನಲ್ಲಿ ಲಾಲ್‌ಬಾಗಿಗೆ ಬರುವವರನ್ನು ನೋಡಿದರೆ ಈ ಒಡಕು ಅರ್ಥವಾಗುತ್ತದೆ.

ಬೀದಿ ಎಲ್ಲ ವಯಸ್ಸಿನವರಿಗೂ ಹೊಂದುತ್ತದೆಯೇ ಎಂದು ಅಳೆಯಲು ಹೆಚ್ಚು ಬಳಕೆಯಲ್ಲಿರುವುದು ಒಂದು ಸರಳ ಸೂತ್ರ. ಕೊಲಂಬಿಯಾದ ಬೊಗೊಟಾ ನಗರದ ಉದ್ಯಾನಗಳನ್ನು ನೋಡಿಕೊಳ್ಳುತ್ತಿದ್ದ ಗಿಲ್ ಪೆನ್ಯಾಲೋಸಾ ಆಮೇಲೆ ಕೆನಡಾದಲ್ಲಿ ಕಟ್ಟಿದ '8 80 ಸಿಟೀಸ್' ಸಂಸ್ಥೆ ಅದನ್ನು ಪ್ರಚುರಪಡಿಸಿತು. ಎಂಟು ವರ್ಷದ ಮಗುವಿಗೂ ಎಂಬತ್ತು ವರ್ಷದ ಹಿರಿಯರಿಗೂ ಒಗ್ಗುವ ಬೀದಿ ಮಿಕ್ಕ ಎಲ್ಲರಿಗೂ ಒಗ್ಗುತ್ತದೆ ಎಂಬುದು ಅದರ ಸಾರ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೊರತಂದ ಹಿರಿಯಸ್ನೇಹಿ ನಗರಗಳ ಕೈಪಿಡಿಯೂ ಹೊರಾಂಗಣ ಮತ್ತು ಕಟ್ಟಡಗಳಿಂದಲೇ ಮಾತು ಶುರುಮಾಡುತ್ತದೆ. ಅದರ ಅಧ್ಯಯನಕ್ಕೆ ಭಾರತದಿಂದ ದೆಹಲಿ ಮತ್ತು ಉದಯಪುರ ಸೇರಿದ್ದವು, ಬೆಂಗಳೂರು ಸೇರಿರಲಿಲ್ಲ. ಸೇರಬೇಕಾಗಿತ್ತು, ಏಕೆಂದರೆ ಪೆನ್ಷನರುಗಳ ಊರೆಂದೇ ಹೆಸರಾಗಿದ್ದ ನಗರ ಇದು, ಆ ಹೆಸರಿನ ಬಹುಪಾಲು ಋಣ ದಕ್ಷಿಣದ ಬಡಾವಣೆಗಳದ್ದು.

ಬಡಾವಣೆಗಳ ಹುಟ್ಟು

1898ರ ಪ್ಲೇಗಿನ ನಂತರ ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರತರಲು ಬಸವನಗುಡಿ ಮತ್ತು ಮಲ್ಲೇಶ್ವರಗಳು ಹುಟ್ಟಿದವು. ನೇರ ರಸ್ತೆ, ಗಾಳಿ ಬೆಳಕು, ಮನೆಯ ಸುತ್ತ ಜಾಗ ಎಂಬ ಆ ವಿನ್ಯಾಸವೇ ದೊಡ್ಡ ಪ್ರಮಾಣದಲ್ಲಿ ಲಾಲ್‌ಬಾಗಿನ ಆಚೆಗೂ ಹಬ್ಬಿತು. 1945ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಲಿ ರಚನೆಯಾಯಿತು. 1948ರಲ್ಲಿ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಅವರು ಜಯನಗರಕ್ಕೆ ಅಡಿಗಲ್ಲಿಟ್ಟರು. ಒಂದನೇ ಬ್ಲಾಕಿನ ಅಂಚಿನ ಅಶೋಕ ಸ್ತಂಭ ಆ ಸಂದರ್ಭದ್ದು. ಸಿದ್ದಾಪುರ, ಕನಕನಪಾಳ್ಯ, ಬೈರಸಂದ್ರ, ಯಡಿಯೂರು, ಸಾರಕ್ಕಿ, ಪುಟ್ಟೇನಹಳ್ಳಿ ಮೊದಲಾದ ಹಳ್ಳಿಗಳ ಹೊಲ, ತೋಟ, ಕೆರೆಯಂಗಳಗಳು ಒಂದೊಂದಾಗಿ ಬಡಾವಣೆಯೊಳಗೆ ಬಂದವು. 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಮಂಡಲಿಯ ಜಾಗಕ್ಕೆ ಬಂತು. ಜಯನಗರದಲ್ಲಿ ಬ್ಲಾಕು, ಜಯಪ್ರಕಾಶ ನಾರಾಯಣರ ಹೆಸರಿನ ಜೆ.ಪಿ. ನಗರದಲ್ಲಿ ಫೇಸು, ಬನಶಂಕರಿಯಲ್ಲಿ ಸ್ಟೇಜು ಎಂದು ಎಣಿಕೆ ಬೆಳೆಯಿತು. ಬಿಟಿಎಂ ಎನ್ನುವುದು ಬೈರಸಂದ್ರ, ತಾವರೆಕೆರೆ, ಮಡಿವಾಳಗಳ ಮೊದಲಕ್ಷರ.

ಈ ವಿನ್ಯಾಸ ನಡೆಯುವವರಿಗೆ ಹೊಂದುವಂಥದ್ದು. ಮೇನ್‌ಗಳು ಹೆಚ್ಚಾಗಿ ಉತ್ತರ ದಕ್ಷಿಣ, ಕ್ರಾಸ್‌ಗಳು ಪೂರ್ವ ಪಶ್ಚಿಮ. ಒಂದು ದಾರಿಯಲ್ಲಿ ರಗಳೆಯಿದ್ದರೆ ಪಕ್ಕದ ಕ್ರಾಸು ಹಿಡಿಯಬಹುದು. ಪ್ರತಿ ಬ್ಲಾಕಿಗೂ ತನ್ನದೇ ಪಾರ್ಕು, ಶಾಲೆ, ದಿನಸಿ ಅಂಗಡಿಗಳು ಇರಬೇಕೆಂಬ ಎಣಿಕೆ, ಅಮೆರಿಕದ ಕ್ಲಾರೆನ್ಸ್ ಪೆರ್ರಿ 1929ರಲ್ಲಿ ಮಂಡಿಸಿದ ನೆರೆಹೊರೆ ಘಟಕದ ಕಲ್ಪನೆಯನ್ನು ಹೋಲುತ್ತದೆ. ಮಗು ದೊಡ್ಡ ರಸ್ತೆ ದಾಟದೆ ಶಾಲೆ ಸೇರುವಂತಿರಬೇಕು ಎಂಬುದು ಪೆರ್ರಿಯ ಮುಖ್ಯ ಆಗ್ರಹವಾಗಿತ್ತು. ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸು ಇಡೀ ಬಡಾವಣೆಯ ಪೇಟೆಯಾಯಿತು. ಕಾರು ಅಪರೂಪವಾಗಿದ್ದ ಆ ಕಾಲದಲ್ಲಿ ಫುಟ್‌ಪಾತಿನ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ರಸ್ತೆಯ ನಡುವೆಯೇ ನಡೆಯಬಹುದಿತ್ತು, ಕ್ರಾಸಿನಲ್ಲಿ ಸ್ಟಂಪು ನೆಟ್ಟು ಕ್ರಿಕೆಟ್ ಆಡಬಹುದಿತ್ತು. ಸಂಕ್ರಾಂತಿಯ ಸಂಜೆ ಹೊಸ ಲಂಗ ಉಟ್ಟ ಹುಡುಗಿಯರು ತಟ್ಟೆ ಹಿಡಿದು ಬೀದಿಯುದ್ದ ಎಳ್ಳು ಬೀರುತ್ತಿದ್ದುದು ಇಂಥ ರಸ್ತೆಯಲ್ಲೇ. ಈಗಿನ ತೊಂದರೆಯ ಬೀಜವೂ ಅಲ್ಲೇ ಇದೆ. ರಸ್ತೆ ವಾಹನಗಳ ಪಾಲಾದಾಗ ನಡೆಯುವವರು ಅಂಚಿಗೆ ಸರಿದರು, ಅಂಚಿನಲ್ಲಿ ಇದ್ದದ್ದು ಚರಂಡಿ.

ಚಪ್ಪಡಿಯ ಮೇಲಿನ ನಡಿಗೆ

ಈ ಬಡಾವಣೆಗಳ ಫುಟ್‌ಪಾತು ಬಹುಮಟ್ಟಿಗೆ ಮಳೆನೀರು ಚರಂಡಿಯ ಮುಚ್ಚಳ. ಎರಡು ಕಡೆ ಗೋಡೆ ಕಟ್ಟಿದ ಚರಂಡಿಯ ಮೇಲೆ ಅಡ್ಡಡ್ಡ ಚಪ್ಪಡಿ ಕಲ್ಲು ಹಾಸಿ ಅದನ್ನೇ ಕಾಲುದಾರಿ ಎಂದು ಕರೆಯಲಾಗಿದೆ. ಹೂಳೆತ್ತಲು ಚಪ್ಪಡಿ ತೆಗೆಯಬೇಕು, ಕೇಬಲ್ ಎಳೆಯಲು ತೆಗೆಯಬೇಕು, ನೀರಿನ ಪೈಪು ಒಡೆದರೆ ತೆಗೆಯಬೇಕು. ಒಮ್ಮೆ ಎತ್ತಿದ ಕಲ್ಲು ಮೊದಲಿನಂತೆ ಕೂರುವುದಿಲ್ಲ. ಒಂದು ಮೂಲೆ ಎದ್ದು ನಿಲ್ಲುತ್ತದೆ, ಇನ್ನೊಂದು ಮೂಲೆ ತುಳಿದಾಗ ದಡಕ್ಕನೆ ಕುಸಿಯುತ್ತದೆ. ಮಳೆ ಬಂದ ಮರುದಿನ ಅಂಥ ಕಲ್ಲಿನ ಮೇಲೆ ಕಾಲಿಟ್ಟರೆ ಸಂದಿನಿಂದ ಕೆಸರುನೀರು ಪಿಚಕ್ಕನೆ ಸೀರೆಯ ನೆರಿಗೆಗೆ ಹಾರುತ್ತದೆ. ಹರೆಯದವರು ನೋಡಿಕೊಂಡು ಹಾರಿ ಹೋಗುತ್ತಾರೆ. ಮಂಡಿನೋವಿನ ಹಿರಿಯರು ಪ್ರತಿ ಕಲ್ಲನ್ನೂ ಮೊದಲು ಊರುಗೋಲಿನಿಂದ ತಟ್ಟಿ ಆಮೇಲೆ ಕಾಲಿಡುತ್ತಾರೆ. ಸಿಮೆಂಟ್ ಬ್ಲಾಕಿನ ಹೊಸ ಹಾಸುಗಳು ಕೆಲವು ಕಡೆ ಬಂದಿವೆ. ಅಡಿಪಾಯ ಸರಿಯಿಲ್ಲದಿದ್ದರೆ ಅವೂ ಒಂದೆರಡು ಮಳೆಗಾಲಕ್ಕೆ ಅಲುಗುತ್ತವೆ.

ಎರಡನೆಯ ತೊಡಕು ಗೇಟಿನ ಮುಂದಿನ ಇಳಿಜಾರು. ಮೂವತ್ತು ನಲವತ್ತರ ಸೈಟುಗಳ ಸಾಲಿನಲ್ಲಿ ಮೂವತ್ತು ಅಡಿಗೊಂದು ಗೇಟು, ಗೇಟಿಗೊಂದು ಕಾರು, ಕಾರು ಹತ್ತಲು ಒಂದು ರ್‍ಯಾಂಪು. ಹೀಗಾಗಿ ಫುಟ್‌ಪಾತು ಮನೆಮನೆಗೂ ಹತ್ತಿ ಇಳಿಯುತ್ತದೆ. ಅದರ ನಡುವೆ ಕಂಬಿ ಕಟ್ಟಿ ದಾಸವಾಳ, ತುಳಸಿ ಬೆಳೆಸಿದ ಪುಟ್ಟ ಕೈತೋಟಗಳು. ನೋಡಲು ಚೆಂದವೇ, ಆದರೆ ನಡೆಯುವವರನ್ನು ರಸ್ತೆಗಿಳಿಸುವುದರಲ್ಲಿ ಅವು ನಿಲ್ಲಿಸಿದ ಬೈಕಿಗಿಂತ ಕಡಿಮೆಯೇನಲ್ಲ. ಈ ವಿಷಯದಲ್ಲಿ ಪಾಲಿಕೆಯನ್ನು ಬೈಯುವ ಮನೆಯವರೇ ಫುಟ್‌ಪಾತನ್ನು ಅಂಗಳದ ಮುಂದುವರಿಕೆಯೆಂದು ಭಾವಿಸಿದ್ದಾರೆ. ಇದಕ್ಕೆ ದಾರಿಯಿಲ್ಲದಿಲ್ಲ. ಫುಟ್‌ಪಾತಿನ ಮಟ್ಟವನ್ನು ಒಂದೇ ಸಮ ಇಟ್ಟು, ಕಾರೇ ಅಂಚಿನ ಸಣ್ಣ ಇಳಿಜಾರಿನಲ್ಲಿ ಹತ್ತಿ ದಾಟಿಹೋಗುವಂತೆ ಮಾಡಬಹುದು.

ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರಲ್ಲಿ ಪರಿಷ್ಕರಿಸಿದ ಪಾದಚಾರಿ ಸೌಲಭ್ಯಗಳ ಮಾರ್ಗಸೂಚಿ, ವಸತಿ ಪ್ರದೇಶದಲ್ಲಿ ಕನಿಷ್ಠ 1.8 ಮೀಟರ್ ಅಡೆತಡೆಯಿಲ್ಲದ ಅಗಲವನ್ನು ಕೇಳುತ್ತದೆ, ಅಂಗಡಿಗಳಿರುವಲ್ಲಿ 2.5 ಮೀಟರ್. ಅಂಚುಗಲ್ಲು 150 ಮಿಲಿಮೀಟರಿಗಿಂತ ಎತ್ತರ ಇರಬಾರದು. 1.8 ಮೀಟರ್ ಎಂದರೆ ಎರಡು ಗಾಲಿಕುರ್ಚಿಗಳು ಎದುರುಬದುರಾಗಿ ದಾಟಬಹುದಾದ ಜಾಗ. ಇಲ್ಲಿನ ಅಳತೆಯಲ್ಲಿ ಮುಖ್ಯವಾದದ್ದು ಅಗಲವಲ್ಲ, 'ಅಡೆತಡೆಯಿಲ್ಲದ' ಎಂಬ ಷರತ್ತು. ಮೇಲ್ನೋಟಕ್ಕೆ ಎರಡೂವರೆ ಮೀಟರ್ ಇರುವ ಫುಟ್‌ಪಾತಿನಿಂದ ಟ್ರಾನ್ಸ್‌ಫಾರ್ಮರು, ಕೇಬಲ್ ಪೆಟ್ಟಿಗೆ, ದಾರಿಫಲಕದ ಕಂಬ, ಮರದ ಬುಡ ಕಳೆದರೆ ಎಷ್ಟೋ ಕಡೆ ಒಬ್ಬರು ಅಡ್ಡವಾಗಿ ನುಸುಳುವಷ್ಟೇ ಉಳಿಯುತ್ತದೆ. ಸಿಗ್ನಲ್ಲಿನ ಬಳಿ ಬೈಕುಗಳು ಹತ್ತದಿರಲೆಂದು ನೆಟ್ಟ ಗಿಡ್ಡ ಕಂಬಗಳು ಗಾಲಿಕುರ್ಚಿಯನ್ನೂ ಮಗುವಿನ ತಳ್ಳುಗಾಡಿಯನ್ನೂ ತಡೆಯುತ್ತವೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಿಂದ ಸಾರ್ವಜನಿಕ ಸ್ಥಳಗಳು ಎಲ್ಲರಿಗೂ ಎಟಕುವಂತಿರಬೇಕಾದ್ದು ಕಾನೂನಿನ ಬಾಧ್ಯತೆಯಾಗಿದೆ.

ದಾಟುವ ಕಷ್ಟ

ಸಿಗ್ನಲ್ಲಿನಲ್ಲಿ ಪಾದಚಾರಿಗೆ ಕೊಡುವ ಸಮಯವನ್ನು ಸಾಮಾನ್ಯವಾಗಿ ಸೆಕೆಂಡಿಗೆ 1.2 ಮೀಟರ್ ನಡಿಗೆಯ ಲೆಕ್ಕದಲ್ಲಿ ನಿಗದಿ ಮಾಡುತ್ತಾರೆ. 24 ಮೀಟರ್ ಅಗಲದ ರಸ್ತೆಗೆ 20 ಸೆಕೆಂಡು. ಇಂಗ್ಲೆಂಡಿನಲ್ಲಿ 65 ದಾಟಿದವರನ್ನು ಕುರಿತು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗಂಡಸರ ಸರಾಸರಿ ವೇಗ 0.9 ಮೀಟರ್, ಹೆಂಗಸರದು 0.8 ಮೀಟರ್ ಎಂದು ಕಂಡುಬಂದಿತ್ತು. ಆ ಲೆಕ್ಕಕ್ಕೆ ಅದೇ ರಸ್ತೆ ದಾಟಲು ಅಜ್ಜಿಗೆ 30 ಸೆಕೆಂಡು ಬೇಕು. ಉಳಿದ ಹತ್ತು ಸೆಕೆಂಡು ಅವರು ಚಲಿಸತೊಡಗಿದ ವಾಹನಗಳ ನಡುವೆ ಇರುತ್ತಾರೆ. ನಡುವೆ ನಿಂತು ಉಸಿರು ತೆಗೆದುಕೊಳ್ಳಲು ಅಗಲವಾದ ಮೀಡಿಯನ್ ಇದ್ದರೆ ಅರ್ಧ ಸಮಸ್ಯೆ ತೀರುತ್ತದೆ. ಮಕ್ಕಳದ್ದು ಬೇರೆ ಬಗೆಯ ಅಪಾಯ. ಸಾಲಾಗಿ ನಿಂತ ಕಾರುಗಳ ನಡುವಿನಿಂದ ಹೊರಬರುವ ಮಗು ಚಾಲಕನಿಗೆ ಕಾಣುವುದೇ ಇಲ್ಲ, ಮಗುವಿಗೂ ವಾಹನ ಕಾಣುವುದಿಲ್ಲ. ಜನ ಮತ್ತು ವಾಹನ ಬೆರೆಯುವ ಕಡೆ ಗಂಟೆಗೆ 30 ಕಿಲೋಮೀಟರ್ ಮಿತಿ ಇರಬೇಕೆಂದು 2020ರ ಫೆಬ್ರವರಿಯ ಸ್ಟಾಕ್‌ಹೋಮ್ ಘೋಷಣೆ ಕರೆಕೊಟ್ಟದ್ದು ಇಂಥ ಬೀದಿಗಳಿಗಾಗಿಯೇ.

ಹೊರ ವರ್ತುಲ ರಸ್ತೆ ಈ ಭಾಗದ ಅತಿ ಕಠಿಣ ಗಡಿ. ಬಿಟಿಎಂನ ಮೊದಲ ಹಂತ ಅದರ ಒಂದು ಬದಿಗೆ, ಎರಡನೇ ಹಂತ ಇನ್ನೊಂದು ಬದಿಗೆ. ಬಾಡಿಗೆ ಕೊಠಡಿ ಮತ್ತು ಪಿಜಿಗಳಲ್ಲಿ ಇರುವ ಸಾವಿರಾರು ಯುವಜನ ಊಟಕ್ಕೂ ಬಸ್ಸಿಗೂ ಇದನ್ನು ದಿನವೂ ದಾಟುವವರು. ಕನಕಪುರ ರಸ್ತೆ ಎರಡನೆಯದು. ಸಾರಕ್ಕಿ ಮಾರುಕಟ್ಟೆಯ ಬಳಿ ಬೆಳಗಿನ ಹೊತ್ತು ಸೊಪ್ಪಿನ ಕಟ್ಟು ಹೊತ್ತವರು, ಲಗೇಜ್ ಆಟೋ, ಬಸ್ಸು, ಬೈಕು ಒಂದೇ ಜಾಗಕ್ಕೆ ಜಗ್ಗಾಡುತ್ತವೆ. ಬನಶಂಕರಿ ಅಮ್ಮನ ಗುಡಿಗೆ ರಾಹುಕಾಲದ ನಿಂಬೆಹಣ್ಣಿನ ದೀಪ ಹಚ್ಚಲು ಬರುವ ಹೆಂಗಸರು ಬಸ್‌ಸ್ಟ್ಯಾಂಡಿನಿಂದ ಗುಡಿಯವರೆಗೆ ಪಡುವ ಪಾಡು ಮಂಗಳವಾರ ಶುಕ್ರವಾರಗಳಂದು ಕಣ್ಣಿಗೆ ಕಾಣುತ್ತದೆ.

ನಗರ ಇದಕ್ಕೆ ಕೊಟ್ಟ ಉತ್ತರ ಸ್ಕೈವಾಕ್. ಹಲವನ್ನು ಜಾಹೀರಾತು ಹಕ್ಕಿನ ಬದಲಿಗೆ ಖಾಸಗಿಯವರಿಂದ ಕಟ್ಟಿಸಲಾಗಿದೆ. ಲಿಫ್ಟು ಕೆಟ್ಟು ನಿಂತ ದಿನ ಹಿರಿಯರಿಗೆ ಅದು ಇದ್ದೂ ಇಲ್ಲದಂತೆ. ಆರೋಗ್ಯವಂತರೂ ಮೆಟ್ಟಿಲು ಹತ್ತುವುದಕ್ಕಿಂತ ಕೈ ಅಡ್ಡ ಹಿಡಿದು ಓಡುವುದನ್ನೇ ಆರಿಸುತ್ತಾರೆ. ವಾಹನ ನಿಲ್ಲದೆ ಹೋಗಲಿ, ಮನುಷ್ಯ ಎರಡು ಮಹಡಿ ಹತ್ತಿ ಇಳಿಯಲಿ ಎಂಬ ಏರ್ಪಾಡು ಅದು. ನೆಲದ ಮಟ್ಟದಲ್ಲೇ ದಾಟುವ ದಾರಿ ಕೊಡಲಾಗದ ಕಡೆ ಮಾತ್ರ ಅದಕ್ಕೆ ಅರ್ಥವಿದೆ.

ನೆರಳು, ಕಟ್ಟೆ, ತಳ್ಳುಗಾಡಿ

ಅಪಾಯವಿಲ್ಲದಿದ್ದರೆ ಸಾಲದು, ನಡೆಯುವುದು ಹಿತವೆನಿಸಬೇಕು. ಅದರಲ್ಲಿ ಮೊದಲ ಪಾಲು ಮರಗಳದ್ದು. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರ ನೇತೃತ್ವದಲ್ಲಿ 1980ರ ದಶಕದಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಸುಮಾರು 15 ಲಕ್ಷ ಸಸಿ ನೆಡಲಾಯಿತು. ಇವತ್ತಿನ ನೆರಳಿನ ದೊಡ್ಡ ಭಾಗ ಆ ದಶಕದ ದುಡಿಮೆ. ವರ್ಷದ ಆರಂಭಕ್ಕೆ ಟಬೂಬಿಯಾದ ಗುಲಾಬಿ, ಯುಗಾದಿಯ ಸುಮಾರಿಗೆ ಹೊಂಗೆಯ ಉದುರುಹೂ, ಬೇಸಿಗೆಗೆ ಗುಲ್‌ಮೊಹರಿನ ಕೆಂಪು. ಜಯನಗರದವರಿಗೆ ಮರದ ಬಗ್ಗೆ ಹಟ ಇದೆ. 2009ರಲ್ಲಿ ಮೆಟ್ರೊ ಮಾರ್ಗಕ್ಕಾಗಿ ನಂದಾ ಟಾಕೀಸ್ ರಸ್ತೆಯ ಲಕ್ಷ್ಮಣರಾವ್ ಬುಲೆವಾರ್ಡಿನ ಮರಗಳನ್ನು ಕಡಿಯಲು ಹೊರಟಾಗ 'ಹಸಿರು ಉಸಿರು' ಬಳಗದೊಂದಿಗೆ ನಿವಾಸಿಗಳು ಬೀದಿಗಿಳಿದರು. ಮೆಟ್ರೊ ಬಂತು, ಮರಗಳಲ್ಲಿ ಹಲವು ಹೋದವು. ಊರಿಗೆ ಎರಡೂ ಬೇಕಾಗಿತ್ತು ಎನ್ನುವುದು ಈಗ ಸುಲಭ.

ಕೂರುವ ಜಾಗ ಎರಡನೆಯದು. ಹಿರಿಯರ ನಡಿಗೆ ಎಂದರೆ ನಡೆದು ಕೂತು ಮತ್ತೆ ನಡೆಯುವುದು. ಹಳ್ಳಿಯ ಅರಳಿಕಟ್ಟೆ ಈ ಲೆಕ್ಕವನ್ನು ಬಲ್ಲದು. ಬಡಾವಣೆಯ ರಸ್ತೆಗಳಲ್ಲಿ ಪಾರ್ಕಿನ ಹೊರಗೆ ಬೆಂಚು ಸಿಗುವುದು ಅಪರೂಪವಾದ್ದರಿಂದ ಜನ ಅಂಗಡಿಯ ಮೆಟ್ಟಿಲು, ಗುಡಿಯ ಜಗಲಿ, ಕಾಂಪೌಂಡಿನ ಅಂಚನ್ನು ಹುಡುಕುತ್ತಾರೆ. ಶೌಚಾಲಯವೂ ಅಷ್ಟೇ ಮುಖ್ಯ. ಮಧುಮೇಹವಿರುವ ಹಿರಿಯರು, ಪುಟ್ಟ ಮಕ್ಕಳ ತಾಯಂದಿರು ಎಷ್ಟು ದೂರ ನಡೆಯಬಹುದೆಂಬುದನ್ನು ಕಾಲಿಗಿಂತ ಹೆಚ್ಚಾಗಿ ಅದೇ ತೀರ್ಮಾನಿಸುತ್ತದೆ. ಈ ಮಾತು ನಗರ ಯೋಜನೆಯ ಚರ್ಚೆಗಳಲ್ಲಿ ಬರುವುದು ಕಡಿಮೆ. ಮನೆಯಲ್ಲಿ ಹೆಂಗಸರ ನಡುವೆ ದಿನವೂ ಬರುತ್ತದೆ.

ಬೀದಿ ವ್ಯಾಪಾರಿಗಳ ವಿಷಯ ಜಟಿಲ. ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನ ಸುತ್ತ ಹೂವು, ಹಣ್ಣು, ಬಳೆ, ಬಟ್ಟೆ, ಅವರೆಕಾಯಿ ಮಾರುವವರು ಫುಟ್‌ಪಾತನ್ನು ಆಕ್ರಮಿಸಿದ್ದಾರೆಂದು ದೂರುಗಳು ಹಳೆಯವು. 2023ರ ಕೊನೆಯಲ್ಲಿ ಪಾಲಿಕೆ ಅವರನ್ನು ಎಬ್ಬಿಸಿದಾಗ ಪ್ರತಿಭಟನೆಯೂ ಆಯಿತು. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಇಂಥ ಸಂದರ್ಭಕ್ಕೆಂದೇ ಸಮೀಕ್ಷೆ, ಗುರುತಿನ ಪತ್ರ, ಪಟ್ಟಣ ಮಾರಾಟ ಸಮಿತಿ, ನಿಗದಿತ ವಲಯ ಎಂಬ ಕ್ರಮವನ್ನು ಹಾಕಿಕೊಟ್ಟಿದೆ. ವ್ಯಾಪಾರಿ ಜಾಗ ತೆಗೆದುಕೊಳ್ಳುತ್ತಾನೆ ನಿಜ. ಆದರೆ ಸಂಜೆ ಏಳರ ಮೇಲೆ ಬೀದಿಗೆ ಬೆಳಕು, ಮಾತು, ನಾಲ್ಕು ಕಣ್ಣು ಕೊಡುವವನೂ ಅವನೇ. ಬಿಟಿಎಂನಲ್ಲಿ ರಾತ್ರಿ ಪಾಳಿ ಮುಗಿಸಿ ಬರುವ ಹುಡುಗಿಗೆ ಖಾಲಿ ಫುಟ್‌ಪಾತಿಗಿಂತ ದೋಸೆ ಗಾಡಿ ಇರುವ ತಿರುವು ಧೈರ್ಯದ್ದು. ನಡೆಯಲು ಒಂದು ಪಟ್ಟಿ, ಗಾಡಿಗೆ ಒಂದು ಪಟ್ಟಿ ಎಂದು ನೆಲದಲ್ಲೇ ಗೆರೆ ಎಳೆದರೆ ಜಾಗ ಸಾಲುವ ರಸ್ತೆಗಳು ಇಲ್ಲಿ ಬೇಕಾದಷ್ಟಿವೆ. ಆ ಪಟ್ಟಿಯಲ್ಲಿ ಈಗ ಕಾರುಗಳು ಪುಕ್ಕಟೆಯಾಗಿ ನಿಂತಿವೆ.

ಪಾರ್ಕು ಮತ್ತು ಕೆರೆ

ಪಾರ್ಕು, ಕೆರೆಗಳ ಬಗ್ಗೆ ದೂರು ಕಡಿಮೆ. 240 ಎಕರೆಯ ಲಾಲ್‌ಬಾಗಿಗೆ ಸಿದ್ದಾಪುರ ಗೇಟಿನಿಂದ ಜಯನಗರದವರು ನೇರ ಹೋಗಬಹುದು. ಜೆ.ಪಿ. ನಗರದಲ್ಲಿ ಮಿನಿ ಫಾರೆಸ್ಟ್, ಬಿಟಿಎಂ ಪಕ್ಕದಲ್ಲಿ ಮಡಿವಾಳ ಕೆರೆ, ಬನಶಂಕರಿಯ ಸನಿಹ ಯಡಿಯೂರು ಕೆರೆ ಇವೆ. ಪುಟ್ಟೇನಹಳ್ಳಿ ಕೆರೆಯನ್ನು ಉಳಿಸಲು ನಿವಾಸಿಗಳೇ 2010ರಲ್ಲಿ ಟ್ರಸ್ಟ್ ಕಟ್ಟಿದರು. ಸಾರಕ್ಕಿ ಕೆರೆಯ ಒತ್ತುವರಿಯನ್ನು ಜಿಲ್ಲಾಡಳಿತ 2015ರಲ್ಲಿ ತೆರವುಗೊಳಿಸಿತು. ಮಧ್ಯಾಹ್ನ ಬಾಗಿಲು ಹಾಕುತ್ತಿದ್ದ ಪಾಲಿಕೆಯ ಪಾರ್ಕುಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕೆಂಬ ಆದೇಶ 2024ರಲ್ಲಿ ಬಂತು. ನಡುಹಗಲಿನಲ್ಲೇ ಬಿಡುವಾಗುವ ಮನೆಕೆಲಸದವರಿಗೂ ಡೆಲಿವರಿ ಹುಡುಗರಿಗೂ ಅದರಿಂದ ಕೂರಲು ನೆರಳು ಸಿಕ್ಕಿತು. ಆದರೂ ಪಾರ್ಕಿನ ಸುತ್ತ ಬೇಲಿ ಹಾಕಿ ಒಳಗೆ ಟ್ರ್ಯಾಕ್ ಮಾಡಿದೊಡನೆ ನಡೆಯುವವರ ಪಾಲು ಸಂದಾಯವಾಯಿತೆಂಬ ಭಾವನೆ ಬೇರೂರಿದೆ, ಅದೇ ತೊಂದರೆ.

ಪ್ರಯೋಗಗಳು

ಡೆನ್ಮಾರ್ಕಿನ ಕೋಪನ್‌ಹೇಗನ್ 1962ರಲ್ಲಿ ತನ್ನ ಮುಖ್ಯ ಅಂಗಡಿಬೀದಿ ಸ್ಟ್ರೋಯೆಟ್‌ನಿಂದ ವಾಹನಗಳನ್ನು ಹೊರಗಿಟ್ಟಿತು. ಬೊಗೊಟಾ 1974ರಿಂದ ಭಾನುವಾರಗಳಂದು ರಸ್ತೆಗಳನ್ನು ನಡೆಯುವವರಿಗೂ ಸೈಕಲ್ಲಿನವರಿಗೂ ಬಿಟ್ಟುಕೊಡುತ್ತ ಬಂದಿದೆ. ಬೆಂಗಳೂರಿನಲ್ಲಿ ನಗರ ಭೂಸಾರಿಗೆ ನಿರ್ದೇಶನಾಲಯ 2013ರ ಅಕ್ಟೋಬರ್‌ನಲ್ಲಿ ಕಬ್ಬನ್ ಪಾರ್ಕಿನಲ್ಲಿ ಶುರುಮಾಡಿದ 'ಸೈಕಲ್ ಡೇ' ಆಮೇಲೆ ಬಡಾವಣೆಗಳಿಗೂ ಬಂತು. ಕೆಲವು ಗಂಟೆ ರಸ್ತೆ ಮುಚ್ಚಿ ಲಗೋರಿ, ಕುಂಟೆಬಿಲ್ಲೆ ಆಡಿಸುವ ಭಾನುವಾರಗಳವು. ಜನಾ ಅರ್ಬನ್ ಸ್ಪೇಸ್ ಸಂಸ್ಥೆ ರೂಪಿಸಿದ ಟೆಂಡರ್‌ಶ್ಯೂರ್ ಮಾದರಿಯಲ್ಲಿ ರೆಸಿಡೆನ್ಸಿ ರಸ್ತೆ, ವಿಠಲ್ ಮಲ್ಯ ರಸ್ತೆ ಮೊದಲಾದವು ಹೊಸದಾದವು. ಪೈಪು, ಕೇಬಲ್‌ಗಳಿಗೆ ನೆಲದಡಿ ಜಾಗ ಕಲ್ಪಿಸಿ ಮೇಲೆ ಅಗಲ ಫುಟ್‌ಪಾತು ಹಾಸುವುದು ಅದರ ಕ್ರಮ. ಚಪ್ಪಡಿ ಎತ್ತುವ ಕಾಯಿಲೆಗೆ ಅದು ಸರಿಯಾದ ಮದ್ದು, ಆದರೆ ದುಬಾರಿ. ಅದು ಮೊದಲು ಹೋದದ್ದೂ ನಗರಕೇಂದ್ರಕ್ಕೇ.

ಹತ್ತಿರದ ಪಾಠ ಬಸವನಗುಡಿಯ ಗಾಂಧಿಬಜಾರಿನದು. ಅಲ್ಲಿನ ಮುಖ್ಯರಸ್ತೆಯನ್ನು ನಡೆಯುವವರಿಗಾಗಿ ಮರುರೂಪಿಸುವ ಕೆಲಸ 2022ರಲ್ಲಿ ಆರಂಭವಾಯಿತು. ಪಾರ್ಕಿಂಗ್ ಹೋದರೆ ಗಿರಾಕಿ ಹೋಗುತ್ತಾರೆಂದು ಅಂಗಡಿಯವರು ಆತಂಕಪಟ್ಟರು, ಕೆಲಸ ತಡವಾಗಿ ಧೂಳು ಕುಡಿದವರು ಹೂವಿನವರೂ ಹಣ್ಣಿನವರೂ. ಕೊನೆಗೆ ವಾಹನವೂ ಉಳಿಯಿತು, ಫುಟ್‌ಪಾತೂ ಅಗಲವಾಯಿತು. ತಮಾಷೆಯೆಂದರೆ ಅದೇ ಬಸವನಗುಡಿಯಲ್ಲಿ ಕಾರ್ತಿಕ ಮಾಸದ ಕಡೆಯ ಸೋಮವಾರದ ಕಡಲೆಕಾಯಿ ಪರಿಷೆಗೆ ಬುಲ್ ಟೆಂಪಲ್ ರಸ್ತೆಯಲ್ಲಿ ವಾಹನ ನಿಂತರೆ ಯಾರೂ ತಕರಾರು ತೆಗೆಯುವುದಿಲ್ಲ. ಅಜ್ಜ ಮೊಮ್ಮಗನ ಕೈಹಿಡಿದು ಸಿಪ್ಪೆ ಉಗುಳುತ್ತ ರಸ್ತೆಯ ನಟ್ಟನಡುವೆ ನಡೆಯುತ್ತಾರೆ, ವ್ಯಾಪಾರವೂ ಭರ್ಜರಿ. ರಾಮನವಮಿಯಂದು ಬಡಾವಣೆಗಳ ತಿರುವುಗಳಲ್ಲಿ ಚಪ್ಪರ ಹಾಕಿ ಪಾನಕ, ಕೋಸಂಬರಿ ಹಂಚುವಾಗಲೂ ಅಷ್ಟೆ. ದೇವರ ಕೆಲಸಕ್ಕೆ ರಸ್ತೆ ಬಿಡುವ ಊರು, ದಿನದ ಕೆಲಸಕ್ಕೆ ಅದರ ಒಂದಂಚನ್ನೂ ಬಿಡಲೊಪ್ಪದು.

ಕಾನೂನು ಮತ್ತು ಆಡಳಿತ

ರಾಷ್ಟ್ರೀಯ ನಗರ ಸಾರಿಗೆ ನೀತಿ 2006ರಲ್ಲೇ ವಾಹನಗಳಿಗಿಂತ ಜನರ ಓಡಾಟಕ್ಕೆ ಆದ್ಯತೆ ಎಂದಿತ್ತು. ಒಳ್ಳೆಯ ಸ್ಥಿತಿಯ ರಸ್ತೆ ನಾಗರಿಕರ ಮೂಲಭೂತ ಹಕ್ಕೆಂದು ಕರ್ನಾಟಕ ಹೈಕೋರ್ಟ್ 2019ರಲ್ಲಿ ಹೇಳಿತು. ಫುಟ್‌ಪಾತನ್ನು ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲೇ ಅಡಕವಾಗಿದೆಯೆಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಸ್ಪಷ್ಟಪಡಿಸಿ, ಅಂಗವಿಕಲರಿಗೂ ಎಟಕುವ ಫುಟ್‌ಪಾತುಗಳ ಬಗ್ಗೆ ಮಾರ್ಗಸೂಚಿ ತರುವಂತೆ ರಾಜ್ಯಗಳಿಗೆ ಸೂಚಿಸಿತು. ಅದೇ ವರ್ಷ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರಪಾಲಿಕೆಗಳು ಬಂದವು, ದಕ್ಷಿಣಕ್ಕೆ ಒಂದು. ರಸ್ತೆ ಪಾಲಿಕೆಯದು, ಕಂಬ ವಿದ್ಯುತ್ ಕಂಪನಿಯದು, ಪೈಪು ಜಲಮಂಡಳಿಯದು, ಸಿಗ್ನಲ್ಲು ಪೊಲೀಸರದು, ನಿಲ್ದಾಣ ಮೆಟ್ರೊದವರದು. ಅಲುಗುವ ಚಪ್ಪಡಿಯ ದೂರು ಯಾರಿಗೆ ಕೊಡಬೇಕೆಂಬುದೇ ತಿಳಿಯದ ಸ್ಥಿತಿ ಇದರಿಂದ ಬಂದದ್ದು.

ನಡೆಯುವವರ ಸಂಖ್ಯೆಯನ್ನು ಹೆಚ್ಚಿಸುತ್ತಿರುವುದು ಮಾತ್ರ ಫುಟ್‌ಪಾತಿನ ಯೋಜನೆಗಳಲ್ಲ. 2017ರ ಜೂನ್‌ನಲ್ಲಿ ಮೆಟ್ರೊದ ಹಸಿರು ಮಾರ್ಗ ಸೌತ್ ಎಂಡ್ ಸರ್ಕಲ್, ಜಯನಗರ, ಬನಶಂಕರಿ, ಜೆ.ಪಿ. ನಗರಗಳನ್ನು ಹಾದು ಯಲಚೇನಹಳ್ಳಿಗೆ ಹೋಯಿತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಹೆಂಗಸರಿಗೆ ಬಸ್ಸು ಉಚಿತ ಮಾಡಿತು. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ರಾಗಿಗುಡ್ಡ, ಜಯದೇವ ಆಸ್ಪತ್ರೆ, ಬಿಟಿಎಂ, ಸಿಲ್ಕ್ ಬೋರ್ಡ್ ಮೂಲಕ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ತೆರೆಯಿತು. ಬಸ್ಸಿನಿಂದ, ರೈಲಿನಿಂದ ಇಳಿದವರೆಲ್ಲ ಮನೆಯವರೆಗೆ ಪಾದಚಾರಿಗಳೇ. ಜಯದೇವ ನಿಲ್ದಾಣದಲ್ಲಿ ಇಳಿದು ಹೃದಯದ ತಪಾಸಣೆಗೆ ಹೋಗುವವರು ಲಿಫ್ಟಿನಲ್ಲಿ ನೆಲಕ್ಕೆ ಬರುತ್ತಾರೆ. ಅಲ್ಲಿಂದ ಮುಂದಿನ ನೂರಿನ್ನೂರು ಮೀಟರ್ ಯಾವ ಇಲಾಖೆಯ ನಕ್ಷೆಯಲ್ಲಿ ಇರಬೇಕು ಎಂಬುದನ್ನು ಹೊಸ ಪಾಲಿಕೆ ಇನ್ನು ಇತ್ಯರ್ಥ ಮಾಡಬೇಕು.